ಮಾಲ್ಡೀವ್ಸ್‌ನಲ್ಲಿ 9 ದಿನ: ಹೆಂಡತಿಗೆ ನೆರಳು, ನನಗೆ ಅಲೆ. ಹೋಗುವ ಯೋಚನೆ ಇರುವವರು ಓದಿ

ತೀರದಹಾದಿ (ಬೆಂಗಳೂರು)

ಎಲ್ಲರಿಗೂ ನಮಸ್ಕಾರ. ಹೋದ ವರ್ಷ ನಾನು ಇಲ್ಲೇ ಮಾಲ್ಡೀವ್ಸ್ ಬಗ್ಗೆ ಕೇಳಿದ್ದೆ. ತುಂಬ ಜನ ಸಮಯ ಕೊಟ್ಟು ಉತ್ತರ ಬರೆದಿದ್ದಿರಿ. ಏಪ್ರಿಲ್‌ನಲ್ಲಿ ಹೋಗಿ ಬಂದೆವು. ಆ ಋಣಕ್ಕೆ ಇದು.

ಮೊದಲು ನಮ್ಮ ಪರಿಚಯ. ನಾನು ಮೂಲ್ಕಿಯಲ್ಲಿ ಸರ್ಫಿಂಗ್ ಕಲಿತವನು. ಐದು ವರ್ಷದಿಂದ ಮಳೆಗಾಲ ಮುಗಿದ ಕೂಡಲೇ ರಾತ್ರಿ ಬಸ್ಸು ಹತ್ತಿ ಹೋಗುತ್ತೇನೆ. ನನ್ನ ಹೆಂಡತಿಗೆ ಅಲೆ ನೋಡೋದು ಇಷ್ಟ, ಏರೋದು ಇಷ್ಟವಿಲ್ಲ. ಅವಳಿಗೆ ಬೇಕಾಗಿದ್ದು ಒಂದು ಮರದ ನೆರಳು, ನಾಲ್ಕು ಪುಸ್ತಕ, ಆಫೀಸಿನ ಫೋನ್ ಬಾರದ ಒಂದು ವಾರ. ಇಬ್ಬರ ರಜೆಯೂ ಒಂದೇ ಕಡೆ ಆಗಬೇಕಿತ್ತು. ಅದಕ್ಕೇ ಮಾಲ್ಡೀವ್ಸ್.

ಬೆಂಗಳೂರಿನಿಂದ ಅವರ ರಾಜಧಾನಿ ಮಾಲೆಗೆ ನೇರ ವಿಮಾನದಲ್ಲಿ ಸುಮಾರು 2 ಗಂಟೆ. ಭಾರತೀಯರಿಗೆ ಇಳಿದ ಮೇಲೆ ಅಲ್ಲೇ ಉಚಿತವಾಗಿ ವೀಸಾ ಕೊಡುತ್ತಾರೆ. ಹೊರಡುವ ಮುಂಚಿನ 96 ಗಂಟೆಯೊಳಗೆ ಇಮುಗಾ ಎಂಬ ಸರ್ಕಾರಿ ವೆಬ್‌ಸೈಟಿನಲ್ಲಿ ಒಂದು ಫಾರ್ಮ್ ತುಂಬಬೇಕು, ಅದನ್ನು ಮರೆಯಬೇಡಿ.

ರಜೆಯನ್ನು ಎರಡು ಭಾಗ ಮಾಡಿಕೊಂಡೆವು. ಮೊದಲ 4 ರಾತ್ರಿ ತುಲುಸ್‌ಧೂ ಎಂಬ ದ್ವೀಪದ ಗೆಸ್ಟ್‌ಹೌಸ್. ಅದು ಜನ ವಾಸ ಮಾಡುವ ಊರು. ಶಾಲೆ, ಮಸೀದಿ, ಅಂಗಡಿ ಎಲ್ಲ ಇದೆ. ಆಮೇಲೆ 4 ರಾತ್ರಿ ಒಂದು ರೆಸಾರ್ಟ್. ಅಲ್ಲಿ ಇಡೀ ದ್ವೀಪವೇ ರೆಸಾರ್ಟ್. ಎರಡೂ ಉತ್ತರ ಮಾಲೆ ಅಟಾಲ್‌ನಲ್ಲಿವೆ.

ಅಟಾಲ್ ಅಂದರೆ ಏನು ಅಂತ ಸ್ವಲ್ಪ ಹೇಳುತ್ತೇನೆ, ಯಾಕೆಂದರೆ ಅಲ್ಲಿನ ಅಲೆ ಅರ್ಥವಾಗಬೇಕಾದರೆ ಇದು ಗೊತ್ತಿರಬೇಕು. ಉಂಗುರದ ಹಾಗೆ ಕೂತ ಹವಳದ ದಿಬ್ಬಗಳು, ನಡುವೆ ಕೆರೆಯಂಥ ಶಾಂತ ನೀರು. ಆ ಪದವೇ ಅವರ ದಿವೇಹಿ ಭಾಷೆಯಿಂದ ಇಂಗ್ಲಿಷಿಗೆ ಹೋದದ್ದು. ಉಂಗುರದಲ್ಲಿ ಅಲ್ಲಲ್ಲಿ ಬಾಯಿಗಳಿರುತ್ತವೆ. ಅವಕ್ಕೆ ಅಲ್ಲಿಯವರು ಕಂಡು ಎನ್ನುತ್ತಾರೆ. ದಕ್ಷಿಣದ ಮಹಾಸಾಗರದಲ್ಲಿ ಎಲ್ಲೋ ಬಿರುಗಾಳಿ ಎದ್ದರೆ ಅದರ ಅಲೆ ಸಾವಿರಾರು ಕಿಲೋಮೀಟರ್ ಬಂದು ಈ ಬಾಯಿಗಳ ಅಂಚಿನ ಹವಳಕ್ಕೆ ತಗಲುತ್ತದೆ. ಆಳದಿಂದ ಒಮ್ಮೆಗೇ ತೆಳು ನೀರಿಗೆ ಬರುವುದರಿಂದ ಅದು ಎದ್ದು ನಿಂತು, ಒಂದು ತುದಿಯಿಂದ ಇನ್ನೊಂದು ತುದಿಗೆ ಅಚ್ಚುಕಟ್ಟಾಗಿ ಮಗುಚುತ್ತಾ ಹೋಗುತ್ತದೆ. ನಮ್ಮ ಕಡಲಿನಲ್ಲಿ ಮರಳಿನ ದಿಬ್ಬ ಪ್ರತಿ ವರ್ಷ ಜಾಗ ಬದಲಿಸುತ್ತದೆ. ಅಲ್ಲಿ ಹವಳ ಅಲುಗುವುದಿಲ್ಲ, ಹಾಗಾಗಿ ಅಲೆ ದಿನವೂ ಅದೇ ಜಾಗದಲ್ಲಿ ಒಡೆಯುತ್ತದೆ.

ತುಲುಸ್‌ಧೂ ತುದಿಯಲ್ಲೇ ಕೋಕ್ಸ್ ಅನ್ನುವ ಅಲೆ ಇದೆ. ಪಕ್ಕದಲ್ಲಿ ಕೋಕಾ ಕೋಲಾ ಕಾರ್ಖಾನೆ, ಅದರಿಂದ ಆ ಹೆಸರು. ಆ ಕಾರ್ಖಾನೆ ಸಮುದ್ರದ ನೀರಿನ ಉಪ್ಪು ತೆಗೆದು ಪಾನೀಯ ಮಾಡುತ್ತದೆ. ಕಂಡು ದಾಟಿದರೆ ಆಚೆ ಚಿಕನ್ಸ್. ಆ ದ್ವೀಪದಲ್ಲಿ ಹಿಂದೆ ಕೋಳಿ ಫಾರ್ಮ್ ಇತ್ತಂತೆ. ಕೋಕ್ಸ್ ಬಲಕ್ಕೆ ಒಡೆಯುತ್ತದೆ, ಚಿಕನ್ಸ್ ಎಡಕ್ಕೆ. ನಾನು ಎಡಗಾಲು ಮುಂದಿಟ್ಟು ನಿಲ್ಲುವವನು. ಬಲಕ್ಕೆ ಒಡೆಯುವ ಅಲೆಯಲ್ಲಿ ಮುಖ ಅಲೆಯ ಕಡೆಗೇ ಇರುತ್ತದೆ, ಅದು ನನಗೆ ಸುಲಭ. ಆದರೂ ಕೋಕ್ಸ್‌ಗೆ ಹೋಗಲಿಲ್ಲ. ದಡದಲ್ಲಿ ನಿಂತು ಅರ್ಧ ಗಂಟೆ ನೋಡಿದೆ. ಅಲೆ ಎದ್ದು ಮಗುಚುವ ಜಾಗದಲ್ಲಿ ನೀರು ತೀರಾ ತೆಳು. ಅದು ನನ್ನ ಮಟ್ಟದ್ದಲ್ಲ ಅಂತ ನೋಡಿದ ಕೂಡಲೇ ಗೊತ್ತಾಯಿತು. ಚಿಕನ್ಸ್‌ಗೆ ದೋಣಿಯಲ್ಲಿ ಹೋದೆ.

ಮೊದಲ ದಿನ ಬೋರ್ಡ್ ಮೇಲೆ ಮಲಗಿ ಕೆಳಗೆ ನೋಡಿದ್ದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಮೂಲ್ಕಿಯಲ್ಲಿ ಮೊಣಕಾಲುದ್ದ ನೀರಲ್ಲೂ ನನ್ನ ಪಾದ ನನಗೆ ಕಾಣುವುದಿಲ್ಲ. ಇಲ್ಲಿ ಎರಡಾಳು ಆಳದಲ್ಲಿ ನೀಲಿ ಗಿಣಿಮೀನು ಹವಳ ಕಚ್ಚುತ್ತಿತ್ತು. ತಲೆ ಮುಳುಗಿಸಿದರೆ ಅದು ಕಡಿಯುವ ಕಟಕಟ ಸದ್ದೂ ಕೇಳಿಸಿತು. ಆ ಬಿಳಿ ಮರಳಿನಲ್ಲಿ ಬಹುಪಾಲು ಅದು ಹವಳ ತಿಂದು ಹಾಕಿದ ಹಿಕ್ಕೆಯೇ. ಅಷ್ಟರಲ್ಲಿ ಸೆಟ್, ಅಂದರೆ ಒಂದರ ಹಿಂದೊಂದು ಬರುವ ದೊಡ್ಡ ಅಲೆಗಳ ಸಾಲು, ಬಂತು. ಅಲೆ ಎದುರಿನ ನೀರನ್ನೆಲ್ಲ ತನ್ನ ಕಡೆ ಎಳೆದುಕೊಂಡಿತು. ದೂರದಲ್ಲಿದ್ದ ಹವಳ ಸಟ್ಟನೆ ಹತ್ತಿರ ಬಂದ ಹಾಗಾಯಿತು. ನಾನು ಆ ಅಲೆ ಬಿಟ್ಟೆ. ಮುಂದಿನದ್ದೂ ಬಿಟ್ಟೆ. ಮೂರನೆಯದಕ್ಕೆ ಕೈ ಹಾಕಿದೆ. ನಿಂತೆ. ಮೂಲ್ಕಿಯಲ್ಲಿ ನನ್ನ ಅತಿ ಉದ್ದದ ಸವಾರಿ ಏಳೆಂಟು ಸೆಕೆಂಡು. ಇಲ್ಲಿ ಆ ಗೋಡೆ ಮುಂದೆ ಮುಂದೆ ಎದ್ದು ಬರುತ್ತಲೇ ಇತ್ತು. ಕೊನೆಗೆ ಬೋರ್ಡಿನಿಂದ ಇಳಿದಾಗ ತೊಡೆ ನಡುಗುತ್ತಿತ್ತು.

ಹೇಳಬೇಕಾದ ಮುಖ್ಯ ಮಾತು ಒಂದೇ. ದಯವಿಟ್ಟು ರೂಮಿನ ಫೋಟೋ ನೋಡಿ ದ್ವೀಪ ಆರಿಸಬೇಡಿ. ನಿಮ್ಮ ಕೈಲಾಗುವ ಅಲೆ ಯಾವುದು, ಅದು ಯಾವ ತಿಂಗಳು ಹೇಗಿರುತ್ತದೆ ಅಂತ ನೋಡಿ ಆಮೇಲೆ ರೂಮು ನೋಡಿ. ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, ಮೂರನೇ ದಿನ ನಮ್ಮ ದೋಣಿಯಲ್ಲಿ ಒಬ್ಬ ಹುಡುಗ ಬಂದಿದ್ದ. ಮೊದಲ ಸಲ ಸರ್ಫಿಂಗ್. ಬುಕ್ ಮಾಡಿಕೊಟ್ಟ ಏಜೆಂಟರು ಯಾರು ಬೇಕಾದರೂ ಮಾಡಬಹುದು ಅಂದಿದ್ದರಂತೆ. ದೋಣಿಯ ಕ್ಯಾಪ್ಟನ್ ಬೇಡ ಅಂದರು. ಅವನು ದುಡ್ಡು ಕೊಟ್ಟಾಗಿದೆ ಅಂತ ಇಳಿದ. ಎರಡನೇ ಅಲೆಗೆ ಬಿದ್ದ. ದೋಣಿಗೆ ಹತ್ತಿಸಿಕೊಂಡಾಗ ಬೆನ್ನಿನ ಮೇಲೆ ಬಾಚಣಿಗೆ ಎಳೆದ ಹಾಗೆ ಉದ್ದುದ್ದ ಗೀರು. ಕ್ಯಾಪ್ಟನ್ ಒಂದೂ ಮಾತಾಡದೆ ಕುಡಿಯುವ ನೀರಿನ ಬಾಟಲಿ ಒಂದಾದ ಮೇಲೊಂದು ತೆರೆದು ಬೆನ್ನಿಗೆ ಸುರಿದರು. ಆ ಹುಡುಗ ಪುಟ್ಟ ಮಗುವಿನ ಹಾಗೆ ಅಳುತ್ತಿದ್ದ. ಅವನ ತಪ್ಪಲ್ಲ ಅದು. ಅವನಿಗೆ ಹೇಳಬೇಕಾದವರು ಹೇಳಿರಲಿಲ್ಲ.

ರೆಸಾರ್ಟ್ ಬಗ್ಗೆ ನಾಳೆ ಬರೆಯುತ್ತೇನೆ. ಪ್ರಶ್ನೆ ಇದ್ದರೆ ಕೇಳಿ.


ಮಲೆನಾಡಮಳೆ (ಶಿವಮೊಗ್ಗ)

ಸರ್, ತುಂಬ ಚೆನ್ನಾಗಿ ಬರೆದಿದ್ದೀರಿ. ಓದಿ ಸ್ವಲ್ಪ ಹೆದರಿಕೆಯೂ ಆಯಿತು. ನಮಗೆ ಜೂನ್‌ನಲ್ಲಿ ಮದುವೆ. ಜುಲೈನಲ್ಲಿ ಮಾಲ್ಡೀವ್ಸ್ ಅಂತ ಇಬ್ಬರೂ ಆಸೆ ಇಟ್ಟುಕೊಂಡಿದ್ದೇವೆ. ಅವಳಿಗೆ ಸರ್ಫಿಂಗ್ ಕಲಿಯಬೇಕು ಅಂತ ಕಾಲೇಜು ದಿನದಿಂದ ಆಸೆ. ನನಗೆ ಈಜು ಬರುತ್ತದೆ, ಅದೂ ತುಂಗೆಯಲ್ಲಿ ಕಲಿತದ್ದು. ಅವಳಿಗೆ ಅಷ್ಟಾಗಿ ಬರುವುದಿಲ್ಲ. ನಮ್ಮಂಥವರಿಗೆ ಅಲ್ಲಿ ಕಲಿಸುತ್ತಾರಾ?


ಮೂಲ್ಕಿ ಕಡೆಯವ

ಮಲೆನಾಡಮಳೆಯವರೇ, ಮದುವೆಗೆ ಮೊದಲೇ ಶುಭಾಶಯ. ನೇರವಾಗಿ ಹೇಳುತ್ತೇನೆ, ಬೇಜಾರು ಮಾಡ್ಕೋಬೇಡಿ. ಜುಲೈ ಬೇಡ. ಮಾಲ್ಡೀವ್ಸ್‌ನಲ್ಲಿ ಸರ್ಫಿಂಗ್ ಸೀಸನ್ ಮಾರ್ಚ್‌ನಿಂದ ಅಕ್ಟೋಬರ್ ತನಕ. ಅದರಲ್ಲಿ ಜೂನ್, ಜುಲೈ, ಆಗಸ್ಟ್ ಅತಿ ದೊಡ್ಡ ಅಲೆಯ ತಿಂಗಳು. ಪಳಗಿದವರು ಕಾದು ಕೂತು ಹೋಗುವ ಕಾಲ. ಜೊತೆಗೆ ಮಳೆ, ಗಾಳಿ. ಹೊಸಬರಿಗೆ ಸೀಸನ್ನಿನ ಎರಡು ತುದಿಗಳೇ ಒಳ್ಳೆಯದು.

ನಾನು ಇಲ್ಲಿ ಮಕ್ಕಳಿಗೆ, ಹೊಸಬರಿಗೆ ಕಲಿಸುವವ. ನನ್ನ ಮಾತು ಕೇಳುವುದಾದರೆ ಮೊದಲು ಮರಳಿನ ತಳ ಇರುವ ಕಡೆ ಕಲಿಯಿರಿ. ಬಿದ್ದರೆ ಮರಳು ಮನ್ನಿಸುತ್ತದೆ, ಹವಳ ಮನ್ನಿಸುವುದಿಲ್ಲ. ನಮ್ಮ ಕರಾವಳಿಯಲ್ಲೇ ಮೂಲ್ಕಿ, ಸಸಿಹಿತ್ಲು, ಕೋಡಿ ಬೆಂಗ್ರೆ ಎಲ್ಲ ಕಡೆ ಕಲಿಸುತ್ತಾರೆ. ಮೂಲ್ಕಿಯಲ್ಲಿ ಮಂತ್ರ ಸರ್ಫ್ ಕ್ಲಬ್ ಶುರುವಾಗಿದ್ದು 2004ರಲ್ಲಿ. ದೇಶದಲ್ಲೇ ಮೊದಲನೆಯದು. ಶಾಂಭವಿ, ನಂದಿನಿ ಎರಡೂ ಕಡಲು ಸೇರುವ ಅಳಿವೆಯ ಹತ್ತಿರ ಸಸಿಹಿತ್ಲು ಇದೆ. 2016ರಲ್ಲಿ ಇಂಡಿಯನ್ ಓಪನ್ ಸರ್ಫಿಂಗ್ ಸ್ಪರ್ಧೆ ಅಲ್ಲೇ ನಡೆದದ್ದು. ಇಷ್ಟೆಲ್ಲ ಮನೆ ಬಾಗಿಲಲ್ಲಿ ಇಟ್ಟುಕೊಂಡು ಮೊದಲ ಪಾಠಕ್ಕೆ ಡಾಲರ್ ಕೊಡುವುದು ಯಾಕೆ ಮಾರಾಯ್ರೆ?

ಮತ್ತೆ ಈಜು. ಲೀಶ್ ಅಂದರೆ ಬೋರ್ಡನ್ನು ಕಾಲಿಗೆ ಕಟ್ಟುವ ಹಗ್ಗ. ಅದು ತುಂಡಾಗುತ್ತದೆ, ನನ್ನದೇ ಎರಡು ಸಲ ಆಗಿದೆ. ಬೋರ್ಡ್ ಇಲ್ಲದೆ ಒಬ್ಬರೇ ದಡಕ್ಕೆ ಬರಲು ಆಗಬೇಕು. ಅವರಿಗೆ ಮೊದಲು ಈಜು ಕಲಿಸಿ. ಇದರಲ್ಲಿ ರಾಜಿ ಇಲ್ಲ.


ಕಡಲಕನ್ನಡತಿ (ದುಬೈ)

ಮೂಲ್ಕಿ ಕಡೆಯವರು ಹೇಳಿದ್ದು ಪೂರ್ತಿ ನಿಜ. ನಾನು ಮಾತ್ರ ಒಂದು ಸೇರಿಸುತ್ತೇನೆ. ಮಾಲ್ಡೀವ್ಸ್‌ನಲ್ಲಿ ಹೊಸಬರಿಗೆ ಜಾಗವೇ ಇಲ್ಲ ಅಂತಲ್ಲ. ಕೆಲವು ದ್ವೀಪಗಳಲ್ಲಿ ಅಟಾಲ್‌ನ ಒಳಗಿನ ಸಣ್ಣ ಅಲೆಯಲ್ಲಿ, ಉಬ್ಬರ ತುಂಬಿದ ಹೊತ್ತಿನಲ್ಲಿ, ಸ್ಪಂಜಿನಂಥ ಸಾಫ್ಟ್‌ಟಾಪ್ ಬೋರ್ಡ್ ಮೇಲೆ ಕಲಿಸುತ್ತಾರೆ. ನಾನೇ ಅಲ್ಲಿ ಹಾಗೆ ಶುರು ಮಾಡಿದೆ. ಆದರೆ ಒಳ್ಳೆಯ ಶಿಕ್ಷಕರು ಬೇಕು. ನಿಂತು ಕಲಿಯುವಷ್ಟು ದಿನ ಬೇಕು. ಹನಿಮೂನಿನ ನಾಲ್ಕು ದಿನದಲ್ಲಿ ಆಗುವುದಿಲ್ಲ.

ಇನ್ನೊಂದು, ಹೆಣ್ಣುಮಕ್ಕಳಿಗೆ. ಊರಿನ ದ್ವೀಪಗಳಲ್ಲಿ ಬೀದಿಯಲ್ಲಿ ಓಡಾಡುವಾಗ ಭುಜ, ಮೊಣಕಾಲು ಮುಚ್ಚುವ ಬಟ್ಟೆ ಹಾಕಿ. ಸ್ವಿಮ್‌ಸೂಟಿಗೆ ಬೇರೆ ತೀರ ಇರುತ್ತದೆ, ಬಿಕಿನಿ ಬೀಚ್ ಅಂತ ಬೋರ್ಡೇ ಹಾಕಿರುತ್ತಾರೆ. ನಾನು ಒಬ್ಬಳೇ ಎರಡು ಸಲ ಹೋಗಿದ್ದೇನೆ. ಸಂಜೆ ಕಡಲ ಬದಿ ಹಗ್ಗದ ಕುರ್ಚಿಯಲ್ಲಿ ಹೆಂಗಸರು ಗುಂಪಾಗಿ ಕೂತಿರುತ್ತಾರೆ. ಜೋಲಿ ಅಂತಾರೆ ಆ ಕುರ್ಚಿಗೆ. ನಮ್ಮ ಜೋಲಿಯೇ. ನನ್ನನ್ನೂ ಕರೆದು ಕೂರಿಸಿಕೊಂಡರು. ಭಾಷೆ ಬರಲಿಲ್ಲ. ಬಿಸಿ ಬಿಸಿ ಮೀನಿನ ಬಜ್ಜಿ ಕೈಗಿಟ್ಟರು. ಅಮ್ಮನ ಊರಲ್ಲಿ ಕೂತ ಹಾಗೆ ಇತ್ತು.


ತೀರದಹಾದಿ

ದೋಣಿಗೂ ಅವರು ಧೋನಿ ಅಂತಲೇ ಎನ್ನುತ್ತಾರೆ! ಮೊದಲ ಸಲ ಕ್ಯಾಪ್ಟನ್ ಬಾಯಲ್ಲಿ ಕೇಳಿ ತುಂಬ ಖುಷಿಯಾಯಿತು. ರೊಟ್ಟಿಗೆ ರೋಶಿ.

ಮಲೆನಾಡಮಳೆಯವರೇ, ಜುಲೈನಲ್ಲಿ ಹೋಗಲೇಬೇಕಾದರೆ ಸರ್ಫಿಂಗ್ ಬಿಟ್ಟು ಹೋಗಿ. ರೆಸಾರ್ಟಿನ ಒಳಬದಿಯ ನೀರಲ್ಲಿ ಲೈಫ್ ಜಾಕೆಟ್ ಹಾಕಿ ಸ್ನಾರ್ಕೆಲಿಂಗ್ ಮಾಡಬಹುದು. ಮಳೆ ಬಂದರೂ ಕಡಲು ನೋಡುತ್ತಾ ಕೂರುವುದೇ ಒಂದು ಸುಖ, ಮದುವೆಯ ಓಡಾಟ ಮುಗಿಸಿದವರಿಗೆ ಅದಕ್ಕಿಂತ ಏನು ಬೇಕು?

ಈಗ ರೆಸಾರ್ಟ್. ನಾವು ಇದ್ದದ್ದು ಹುಧುರನ್‌ಫುಶಿ ದ್ವೀಪ. ಅದರ ತುದಿಯಲ್ಲಿ ಲೋಹಿಸ್ ಅನ್ನುವ ಎಡದ ಅಲೆ ಇದೆ. ಅಲ್ಲಿ ಇಳಿದುಕೊಂಡವರಿಗೆ ಮಾತ್ರ. ಧೋನ್‌ವೇಲಿ ರೆಸಾರ್ಟಿನ ಪಾಸ್ತಾ ಪಾಯಿಂಟ್ ಅನ್ನುವ ಅಲೆ ಕೂಡ ಹಾಗೆಯೇ, ಆ ರೆಸಾರ್ಟಿನ ಅತಿಥಿಗಳಿಗೆ ಮಾತ್ರ. ಲೈನ್‌ಅಪ್‌ನಲ್ಲಿ, ಅಂದರೆ ಅಲೆಗೆ ಕಾಯುತ್ತಾ ಕೂರುವ ಜಾಗದಲ್ಲಿ, ಜನ ಕಮ್ಮಿ. ತುಲುಸ್‌ಧೂನಲ್ಲಿ ಅಲೆಗೆ ಸರದಿ ಕಾಯಬೇಕಿತ್ತು. ಇಲ್ಲಿ ಬೆಳಿಗ್ಗೆ ಹೋದರೆ ಆರೇಳು ಜನ. ಒಬ್ಬರಿಗೊಬ್ಬರು ನೀವು ಹೋಗಿ ಅಂತ ಬಿಟ್ಟುಕೊಡುತ್ತಿದ್ದರು.

ಮಾಲೆಯ ಗಡಿಯಾರ ನಮಗಿಂತ ಅರ್ಧ ಗಂಟೆ ಹಿಂದೆ. ಆದರೆ ಕೆಲವು ರೆಸಾರ್ಟ್‌ಗಳು ಬೆಳಕು ಜಾಸ್ತಿ ಹೊತ್ತು ಸಿಗಲಿ ಅಂತ ತಮ್ಮದೇ ಗಂಟೆ ಇಟ್ಟುಕೊಂಡಿರುತ್ತವೆ. ವಾಪಸು ಬರುವ ದಿನ ಬೋಟು ಎಷ್ಟು ಹೊತ್ತಿಗೆ ಅಂತ ಕೇಳುವಾಗ ಯಾವ ಗಡಿಯಾರ ಅಂತಲೂ ಕೇಳಿ.

ನನ್ನ ಹೆಂಡತಿಯ ರಜೆ ಹೇಗಿತ್ತು ಅಂತ ಅವಳನ್ನೇ ಕೇಳಿ ಬರೆಯುತ್ತಿದ್ದೇನೆ. ರೂಮಿನ ಮುಂದೆ ಎಂಟು ಹೆಜ್ಜೆಗೆ ನೀರು. ನಡುವೆ ಒಂದು ಬಾಗಿದ ತೆಂಗಿನ ಮರ. ಬೆಳಗಿನ ತಿಂಡಿ ಮುಗಿಸಿ ಆ ಮರದ ನೆರಳಲ್ಲಿ ಕುರ್ಚಿ ಹಾಕುತ್ತಿದ್ದಳು. ನೆರಳು ಸರಿದ ಹಾಗೆ ಕುರ್ಚಿ ಸರಿಸುತ್ತಿದ್ದಳು. ಮಧ್ಯಾಹ್ನದ ಹೊತ್ತಿಗೆ ಮರಳಿನಲ್ಲಿ ಕುರ್ಚಿಯ ಕಾಲಿನ ಗುರುತು ಅರ್ಧ ಚಂದ್ರನ ಹಾಗೆ ಮೂಡಿರುತ್ತಿತ್ತು. ಮೂರನೇ ದಿನ ನಾನು ನೀರಿನಿಂದ ಬಂದಾಗ ಅವಳು ಪುಸ್ತಕ ಮುಚ್ಚಿಟ್ಟು ಕಾಲಿನ ಹತ್ತಿರ ನೋಡುತ್ತಿದ್ದಳು. ಖಾಲಿ ಚಿಪ್ಪಿನ ಒಳಗೆ ಸೇರಿಕೊಂಡ ಒಂದು ಸನ್ಯಾಸಿ ಏಡಿ ಅವಳ ಚಪ್ಪಲಿ ಹತ್ತುವ ಪ್ರಯತ್ನದಲ್ಲಿತ್ತು. ಇಪ್ಪತ್ತು ನಿಮಿಷದಿಂದ ನೋಡ್ತಾ ಇದ್ದೀನಿ, ಮಾತಾಡಿಸಬೇಡ ಅಂದಳು. ಮದುವೆಯಾಗಿ ಹದಿಮೂರು ವರ್ಷದಲ್ಲಿ ಅವಳು ಇಪ್ಪತ್ತು ನಿಮಿಷ ಒಂದೇ ಕಡೆ ಸುಮ್ನೆ ಕೂತದ್ದು ನಾನು ನೋಡಿರಲಿಲ್ಲ. ನನಗೆ ಅವತ್ತು ಅಲೆಗಿಂತ ಅದೇ ದೊಡ್ಡದಾಯಿತು.


ಲೆಕ್ಕದಪುಸ್ತಕ (ಹುಬ್ಬಳ್ಳಿ)

ಖರ್ಚು ಹೇಳ್ರಿ ಸರ. ಎಲ್ಲಾರೂ ಅದನ್ನ ಬಿಟ್ಟು ಉಳಿದಿದ್ದೆಲ್ಲಾ ಬರೀತಾರ.


ತೀರದಹಾದಿ

ರೂಮಿನ ದರ ತಿಂಗಳು ತಿಂಗಳಿಗೆ ಬದಲಾಗುತ್ತದೆ, ಅದನ್ನು ನೀವೇ ನೋಡಬೇಕು. ಆದರೆ ದರದ ಮೇಲೆ ಬರುವುದನ್ನು ಹೇಳುತ್ತೇನೆ, ಜನ ಎಡವುವುದು ಅಲ್ಲೇ. ಪ್ರವಾಸಿಗಳ ಜಿಎಸ್‌ಟಿ 2025ರ ಜುಲೈನಿಂದ 17 ಶೇಕಡ. ಸಾಮಾನ್ಯವಾಗಿ 10 ಶೇಕಡ ಸರ್ವಿಸ್ ಚಾರ್ಜ್. ಅದರ ಮೇಲೆ ಗ್ರೀನ್ ಟ್ಯಾಕ್ಸ್. ಅದು ರೂಮಿಗಲ್ಲ, ತಲೆಗೆ, ಪ್ರತಿ ರಾತ್ರಿಗೆ. 50 ರೂಮಿನ ಒಳಗಿನ ಗೆಸ್ಟ್‌ಹೌಸಿನಲ್ಲಿ 6 ಡಾಲರ್, ರೆಸಾರ್ಟಿನಲ್ಲಿ 12 ಡಾಲರ್. ನಮ್ಮಿಬ್ಬರಿಗೆ ಗೆಸ್ಟ್‌ಹೌಸಿನ 4 ರಾತ್ರಿಗೆ 48, ರೆಸಾರ್ಟಿನ 4 ರಾತ್ರಿಗೆ 96. ಒಟ್ಟು 144 ಡಾಲರ್ ಬರೀ ಈ ಒಂದು ತೆರಿಗೆಗೆ. ಹಾಗಾಗಿ ದರ ಕೇಳುವಾಗ ಎಲ್ಲ ಸೇರಿ ಎಷ್ಟು ಅಂತಲೇ ಕೇಳಿ. ಬೋಟಿನ ದುಡ್ಡು ಒಳಗೋ ಹೊರಗೋ ಅದನ್ನೂ ಕೇಳಿ. ಕೆಲವು ರೆಸಾರ್ಟಿಗೆ ಸೀಪ್ಲೇನ್‌ನಲ್ಲೇ ಹೋಗಬೇಕು, ಅದು ವಿಮಾನದ ಟಿಕೆಟ್ಟಿಗಿಂತ ಜಾಸ್ತಿ ಆಗುವುದೂ ಉಂಟು. ಉತ್ತರ ಮಾಲೆಯ ಸರ್ಫಿಂಗ್ ದ್ವೀಪಗಳು ವಿಮಾನ ನಿಲ್ದಾಣಕ್ಕೆ ಹತ್ತಿರ, ಸ್ಪೀಡ್‌ಬೋಟು ಸಾಕು. ಅದು ದೊಡ್ಡ ಉಳಿತಾಯ.

ಇನ್ನೂ ಕಮ್ಮಿ ಬೇಕಾದರೆ ಮಾಲೆಯಿಂದ ಸರ್ಕಾರಿ ಫೆರಿ ಇದೆ. ನಿಧಾನ, ಆದರೆ ತೀರಾ ಅಗ್ಗ. ಶುಕ್ರವಾರ ಅಲ್ಲಿ ರಜೆ. ಶುಕ್ರವಾರ ಇಳಿಯುವವರು ಫೆರಿ ನಂಬಿಕೊಂಡು ಹೋಗಬೇಡಿ.


ಬೋರ್ಡ್‌ಬ್ಯಾಗು (ಮಂಗಳೂರು)

ಬೋರ್ಡ್ ತಗೊಂಡು ಹೋದ್ರಾ, ಅಲ್ಲೇ ಬಾಡಿಗೆಗೆ ತಗೊಂಡ್ರಾ?


ತೀರದಹಾದಿ

ತಗೊಂಡು ಹೋದೆ. ಈಗ ಕೇಳಿದರೆ ಬೇಡ ಅನ್ನುತ್ತೇನೆ. ವಿಮಾನದಿಂದ ಇಳಿಸಿದಾಗ ಬೋರ್ಡಿನ ಮೂತಿ ಒಡೆದಿತ್ತು. ಕೌಂಟರಿನಲ್ಲಿ ದೂರು ಬರೆದುಕೊಟ್ಟೆ. ಇವತ್ತಿಗೂ ಉತ್ತರ ಇಲ್ಲ. ಅದಕ್ಕೆ ನನಗೆ ನಿಜಕ್ಕೂ ನೋವಿದೆ, ಆ ಬೋರ್ಡ್ ಒಂದೊಂದು ರೂಪಾಯಿ ಕೂಡಿಟ್ಟು ತಗೊಂಡದ್ದು.

ತುಲುಸ್‌ಧೂನಲ್ಲಿ ರಿಪೇರಿ ಮಾಡುವ ಒಬ್ಬ ಹುಡುಗ ಸಿಕ್ಕಿದ. ಅವನು ಮೊದಲು ಕೇಳಿದ ಪ್ರಶ್ನೆ: ಎಪಾಕ್ಸಿಯೋ, ಪಾಲಿಯೆಸ್ಟರೋ? ಎರಡೂ ಬೋರ್ಡಿನ ಹೊರಪದರಕ್ಕೆ ಹಾಕುವ ರೆಸಿನ್, ಅಂದರೆ ಗಟ್ಟಿಯಾಗುವ ಅಂಟು. ನನ್ನದು ಎಪಾಕ್ಸಿ, ಒಳಗೆ ಥರ್ಮೋಕೋಲ್ ಜಾತಿಯ ಫೋಮ್. ಅದರ ಮೇಲೆ ಪಾಲಿಯೆಸ್ಟರ್ ರೆಸಿನ್ ಹಾಕಿದರೆ ಫೋಮ್ ಕರಗಿ ಹೋಗುತ್ತದೆ. ಇದು ಗೊತ್ತಿಲ್ಲದೆ ಬೋರ್ಡ್ ಹಾಳು ಮಾಡಿಕೊಂಡವರು ಬೇಕಾದಷ್ಟು ಜನ. ಅವನು ಒಡೆದ ಜಾಗವನ್ನು ಇಡೀ ದಿನ ಬಿಸಿಲಲ್ಲಿ ಒಣಗಿಸಿದ. ಆಮೇಲೆ ಉಜ್ಜಿದ, ಬಟ್ಟೆ ಕೂರಿಸಿದ, ರೆಸಿನ್ ಎಳೆದ. ಬೆರಳಲ್ಲಿ ಸವರಿದರೆ ಜೋಡಿಸಿದ್ದೇ ತಿಳಿಯುವುದಿಲ್ಲ.

ಪ್ಯಾಕ್ ಮಾಡುವಾಗ ಫಿನ್, ಅಂದರೆ ಬೋರ್ಡಿನ ಅಡಿಯ ರೆಕ್ಕೆಗಳನ್ನು, ಬಿಚ್ಚಿಡಿ. ಮೂತಿಗೂ ಬಾಲಕ್ಕೂ ದಪ್ಪ ಬೆಡ್‌ಶೀಟ್ ಸುತ್ತಿ. ಮತ್ತೆ, ಬ್ಯಾಗಿನಲ್ಲಿ ಬಾಟಲಿ ಏನಾದರೂ ಇದ್ದರೆ ಮನೆಯಲ್ಲೇ ಬಿಡಿ. ಮದ್ಯ ಒಳಗೆ ಬಿಡುವುದಿಲ್ಲ. ಅದು ರೆಸಾರ್ಟ್‌ನಲ್ಲಿ, ಪ್ರವಾಸಿಗರು ಉಳಿದುಕೊಳ್ಳುವ ಸಫಾರಿ ದೋಣಿಯಲ್ಲಿ ಮಾತ್ರ ಸಿಗುತ್ತದೆ, ಊರಿನ ದ್ವೀಪಗಳಲ್ಲಿ ಇಲ್ಲ. 2024ರ ಕೊನೆಯಿಂದ ವೇಪ್‌ಗೂ ನಿಷೇಧ. ಪೂಜೆಗೆ ಇಡುವ ವಿಗ್ರಹ ತರುವುದಕ್ಕೂ ಅವರ ಕಾನೂನಿನಲ್ಲಿ ಅವಕಾಶವಿಲ್ಲ. ನಮ್ಮಲ್ಲಿ ಹಿರಿಯರು ಸಣ್ಣ ಗಣಪತಿ ಬ್ಯಾಗಿನಲ್ಲಿ ಇಟ್ಟು ಕಳಿಸುತ್ತಾರೆ, ಅಲ್ವಾ? ಹೊರಡುವ ಮುಂಚೆ ಒಮ್ಮೆ ನೋಡಿಕೊಳ್ಳಿ.


ಬಾಳೆಎಲೆ (ಮೈಸೂರು)

ನಾವು ಸಸ್ಯಾಹಾರಿಗಳು. ಅಮ್ಮನೂ ಬರುತ್ತಾರೆ, 66 ವರ್ಷ. ಊಟಕ್ಕೆ ಕಷ್ಟ ಆಗುತ್ತಾ?


ಕಡಲಕನ್ನಡತಿ

ರೆಸಾರ್ಟಿನಲ್ಲಿ ಏನೂ ಕಷ್ಟವಿಲ್ಲ, ಹೆಚ್ಚಿನ ಕಡೆ ಭಾರತದ ಅಡುಗೆಯವರೇ ಇರುತ್ತಾರೆ. ಗೆಸ್ಟ್‌ಹೌಸಿನಲ್ಲಿ ಮೊದಲೇ ಹೇಳಿ. ಅಲ್ಲಿನ ತಿಂಡಿ ಮಸ್ ಹುನಿ. ಮಸ್ ಅಂದರೆ ಮೀನು, ಹುನಿ ಅಂದರೆ ತುರಿದ ತೆಂಗಿನಕಾಯಿ. ಈರುಳ್ಳಿ, ಹಸಿಮೆಣಸು, ನಿಂಬೆರಸ ಹಾಕಿ ಕೈಯಲ್ಲಿ ಹಿಸುಕುತ್ತಾರೆ. ಮೀನು ಬಿಟ್ಟು ಸಿಹಿಗುಂಬಳ ಅಥವಾ ಸೊಪ್ಪು ಹಾಕಿಯೂ ಮಾಡುತ್ತಾರೆ, ಕೇಳಬೇಕು. ತರಕಾರಿ ಸಾರು ಅಂತ ಕೊಟ್ಟದ್ದರಲ್ಲೂ ರಿಹಾಕುರು ಇರಬಹುದು, ಅದು ಮೀನು ಬೇಯಿಸಿ ಬತ್ತಿಸಿದ ಕಪ್ಪು ಗಸಿ. ಅಮ್ಮನಿಗೆ ಅವಲಕ್ಕಿ, ಚಟ್ನಿಪುಡಿ ಕಟ್ಟಿಕೊಳ್ಳಿ. ಬೋಟು ಹತ್ತಿ ಇಳಿಯುವಾಗ ಅಮ್ಮನ ಕೈ ಹಿಡಿಯಲು ಇಬ್ಬರು ಬೇಕು. ಅಲೆಗೆ ಬೋಟು ಏಳುತ್ತಾ ಬೀಳುತ್ತಾ ಇರುತ್ತದೆ.


ದಾವಣಗೆರೆ ಡಾಕ್ಟರ್

ಹವಳದ ಗಾಯದ ಬಗ್ಗೆ ಯಾರೂ ವಿವರವಾಗಿ ಬರೆದಿಲ್ಲ, ಅದಕ್ಕೆ ನಾನು ಬರೆಯುತ್ತೇನೆ. ಆ ಕ್ಯಾಪ್ಟನ್ ಮಾಡಿದ್ದು ಸರಿ. ಮೊದಲ ಕೆಲಸ ಶುದ್ಧ ನೀರು, ಜಾಸ್ತಿ ನೀರು. ಆಮೇಲೆ ಸೋಪು ಹಾಕಿ ಉಜ್ಜಬೇಕು. ಉರಿಯುತ್ತದೆ, ಆದರೂ ಉಜ್ಜಬೇಕು. ಹವಳದ ಸಣ್ಣ ಚೂರು ಒಳಗೆ ಉಳಿದರೆ ಗಾಯ ವಾರಗಟ್ಟಲೆ ಮಾಯುವುದಿಲ್ಲ. ನಿಂಬೆಹಣ್ಣು ಹಿಂಡಿದರೆ ಸಾಕು ಅನ್ನುವವರಿದ್ದಾರೆ, ಅದನ್ನು ನಂಬಿ ಕೂರಬೇಡಿ. ಆಂಟಿಸೆಪ್ಟಿಕ್ ಹಚ್ಚಿ, ಒಣಗಿಸಿಡಿ. ಗಾಯ ಮಾಯುವ ತನಕ ಮತ್ತೆ ಕಡಲಿಗೆ ಇಳಿಯಬೇಡಿ. ಸುತ್ತ ಕೆಂಪಾಗಿ ಹರಡಿದರೆ, ಕೀವು, ಜ್ವರ ಬಂದರೆ ಅವತ್ತೇ ಡಾಕ್ಟರ್ ಹತ್ತಿರ ಹೋಗಿ. ಸಕ್ಕರೆ ಕಾಯಿಲೆ, ಲಿವರ್ ತೊಂದರೆ ಇರುವವರು ಸಣ್ಣ ಗೀರನ್ನೂ ಹಗುರವಾಗಿ ತಗೋಬೇಡಿ. ಹೊರಡುವ ಮುಂಚೆ ಟೆಟನಸ್ ಇಂಜೆಕ್ಷನ್ ಆಗಿದೆಯಾ ನೋಡಿ.

ಬಿಸಿಲು ಇನ್ನೊಂದು. ಮಾಲೆ ಭೂಮಧ್ಯರೇಖೆಯಿಂದ ಬರೀ 4 ಡಿಗ್ರಿ ಮೇಲೆ. ನೀರಿಗೆ ಇಳಿಯುವಾಗ ಹಾಕುವ ಉದ್ದ ತೋಳಿನ ಬಿಗಿ ಅಂಗಿ, ಅಂದರೆ ರ‍್ಯಾಶ್‌ಗಾರ್ಡ್ ಹಾಕಿ, ಮುಖಕ್ಕೆ ಜಿಂಕ್ ಇರುವ ಕ್ರೀಮ್ ದಪ್ಪಗೆ ಹಚ್ಚಿ. 


ದಡದಲ್ಲಿದ್ದವ (ಕುಮಟಾ)

ಒಂದು ಮಾತು ಕೇಳಲೇಬೇಕು ಅನ್ನಿಸಿತು. ಅಲೆ ರೆಸಾರ್ಟ್ ಅತಿಥಿಗಳಿಗೆ ಮಾತ್ರ ಅಂದಿರಲ್ಲ, ಅದು ಹೇಗೆ ಸರಿ? ನಮ್ಮೂರ ಕಡಲಿಗೆ ಹಾಗೆ ಬೇಲಿ ಹಾಕಿದರೆ ನಾವು ಸುಮ್ಮನಿರುತ್ತೇವಾ? ಅಲ್ಲೇ ಹುಟ್ಟಿದ ಹುಡುಗ ಆ ಅಲೆಗೆ ಇಳಿಯಲಾರ, ಬೆಂಗಳೂರಿನವರು ಇಳಿಯಬಹುದು. ನನಗೆ ಇದು ನುಂಗಲು ಆಗುತ್ತಿಲ್ಲ.


ತೀರದಹಾದಿ

ನಿಮ್ಮ ಮಾತು ನನ್ನನ್ನೂ ಕಾಡಿದೆ. ಎರಡು ದಿನದಿಂದ ಉತ್ತರ ಬರೆದು ಅಳಿಸುತ್ತಿದ್ದೇನೆ.

ಅಲ್ಲಿ ಇದರ ಬಗ್ಗೆ ಜಗಳ ನಡೆದಿದೆ. ತಂಬುರುಧೂ ಅನ್ನುವ ಪುಟ್ಟ ದ್ವೀಪದಲ್ಲಿ ಸುಲ್ತಾನ್ಸ್, ಹಾಂಕೀಸ್ ಅಂತ ಎರಡು ಅಲೆ. ಒಂದು ಬಲಕ್ಕೆ, ಒಂದು ಎಡಕ್ಕೆ. 2012ರಲ್ಲಿ ಅದನ್ನು ಖಾಸಗಿ ಸರ್ಫ್ ರೆಸಾರ್ಟ್ ಮಾಡುವ ಯೋಜನೆ ಬಂದಾಗ ಅಲ್ಲಿನ ಸರ್ಫರ್‌ಗಳು ಎದ್ದು ನಿಂತರು. ನಾನು ಹಾಂಕೀಸ್‌ಗೆ ಒಂದು ಬೆಳಿಗ್ಗೆ ಹೋಗಿದ್ದೆ. ಹತ್ತಿರದ ಹಿಮ್ಮಫುಶಿ ದ್ವೀಪದ ಹುಡುಗರು ಬಂದಿದ್ದರು. ಹನ್ನೆರಡು ವರ್ಷದ ಒಬ್ಬ ಹುಡುಗ ಅರ್ಧ ಮುರಿದ ಬೋರ್ಡಿನ ಮೇಲೆ ನಾವು ಯಾರೂ ಮುಟ್ಟದ ಅಲೆ ಏರಿದ. ಎಲ್ಲರೂ ಕೂಗಿ ಹುರಿದುಂಬಿಸಿದೆವು. ಮರುದಿನ ಲೋಹಿಸ್‌ನಲ್ಲಿ ಅವನ ನೆನಪಾಯಿತು. ಅವನು ಇಲ್ಲಿಗೆ ಬರುವಂತಿಲ್ಲ. ಮುಂದಿನ ಸಲ ಹೋದರೆ ಪೂರ್ತಿ ಊರಿನ ದ್ವೀಪದಲ್ಲೇ ಇರುವುದು ಅಂತ ತೀರ್ಮಾನ ಮಾಡಿದ್ದೇನೆ. ಹೆಂಡತಿಯ ನೆರಳಿಗೂ ಅಲ್ಲಿ ಮರಗಳಿವೆ.

ಇನ್ನೊಂದು ಸಂಗತಿ. ಆ ಅಲೆಗಳನ್ನು ಹೊರಗಿನವರು ಕಂಡದ್ದೇ ಆಕಸ್ಮಿಕವಾಗಿ. 1973ರಲ್ಲಿ ಟೋನಿ ಹೈಂಡ್ ಅನ್ನುವ ಆಸ್ಟ್ರೇಲಿಯಾದ ಸರ್ಫರ್ ಇದ್ದ ಹಾಯಿದೋಣಿ ಅಲ್ಲಿನ ಹವಳಕ್ಕೆ ಬಡಿದು ನಿಂತುಹೋಯಿತು. ಆತ ಮುಂದೆ ಮಾಲ್ಡೀವ್ಸ್‌ನಲ್ಲೇ ನೆಲೆಸಿದ. ಅಲ್ಲೇ ಮದುವೆಯಾದ, ಇಸ್ಲಾಂ ಸೇರಿದ, ಟೋನಿ ಹುಸೇನ್ ಹೈಂಡ್ ಆದ. ವರ್ಷಗಟ್ಟಲೆ ಈ ಅಲೆಗಳ ಗುಟ್ಟು ಬಿಡಲಿಲ್ಲ. 2008ರಲ್ಲಿ ಪಾಸ್ತಾ ಪಾಯಿಂಟ್‌ನಲ್ಲೇ, ಅಲೆ ಏರಿ ಬಂದ ಹೊತ್ತಲ್ಲೇ ತೀರಿಕೊಂಡ. ಹಳಬರು ಇಂದಿಗೂ ಅವನ ಹೆಸರು ಪ್ರೀತಿಯಿಂದ ಹೇಳುತ್ತಾರೆ.


ಮೂಲ್ಕಿ ಕಡೆಯವ

ತುಲುಸ್‌ಧೂ ಹೆಸರು ಕೇಳಿದ ಕೂಡಲೇ ನಮಗೆ 2024ರ ಆಗಸ್ಟ್ ನೆನಪಾಗುತ್ತದೆ. ಏಷ್ಯನ್ ಸರ್ಫಿಂಗ್ ಚಾಂಪಿಯನ್‌ಶಿಪ್ ಅಲ್ಲೇ ನಡೆದದ್ದು. ತಂಡಗಳ ಸ್ಪರ್ಧೆಯಲ್ಲಿ ಭಾರತಕ್ಕೆ ಬೆಳ್ಳಿ ಬಂತು. ಮರುವರ್ಷ ಮಹಾಬಲಿಪುರಂನಲ್ಲಿ ನಮ್ಮ ಕರ್ನಾಟಕದ ರಮೇಶ್ ಬುದಿಹಾಳ ಕಂಚು ಗೆದ್ದರು. ಇಲ್ಲಿ ಮಕ್ಕಳೆಲ್ಲ ಮೊಬೈಲ್ ಸುತ್ತ ಗುಂಪಾಗಿ ನೋಡುತ್ತಿದ್ದರು. ಆಮೇಲೆ ಒಂದು ವಾರ ಯಾರೂ ಕರೆಯದೆಯೇ ಬೆಳಿಗ್ಗೆ ಆರಕ್ಕೆ ಬೋರ್ಡ್ ಹೊತ್ತು ಬಂದರು.

ಮತ್ತೆ, ಅಲ್ಲಿಗೆ ಬರುವ ದಕ್ಷಿಣದ ಅಲೆ ನಮ್ಮಲ್ಲಿಗೂ ಬರುತ್ತದೆ. ಗಾಳಿ ಇಲ್ಲ, ಮಳೆ ಇಲ್ಲ, ಆದರೂ ಒಮ್ಮೊಮ್ಮೆ ಬೇಸಿಗೆಯಲ್ಲಿ ಕಡಲು ಏರಿ ದೋಣಿ ಎಳೆದುಕೊಂಡು ಹೋಗುತ್ತದಲ್ಲ? ಕೇರಳದವರು ಅದಕ್ಕೆ ಕಳ್ಳಕ್ಕಡಲ್ ಎನ್ನುತ್ತಾರೆ. ಕಡಲಿನ ಮುನ್ಸೂಚನೆ ಕೊಡುವ ಕೇಂದ್ರ ಸರ್ಕಾರದ ಸಂಸ್ಥೆ ಇನ್‌ಕಾಯ್ಸ್‌ನವರು ಮೊದಲೇ ಎಚ್ಚರಿಕೆ ಕೊಡುತ್ತಾರೆ. ಕಲಿಯಲು ಬರುವವರು ಆ ದಿನಗಳಲ್ಲಿ ನೀರಿಗೆ ಇಳಿಯಬೇಡಿ.


ತೀರದಹಾದಿ

ಬೀಳುವುದರ ಬಗ್ಗೆ ನೀವು ಒಂದೆರಡು ಮಾತು ಬರೆಯಿರಿ ಅಣ್ಣ. ನನಗೆ ಅಲ್ಲಿ ಜೀವ ಉಳಿಸಿದ್ದು ನೀವು ಕಲಿಸಿದ ಅದೇ.


ಮೂಲ್ಕಿ ಕಡೆಯವ

ತಲೆ ಕೆಳಗಾಗಿ ಹಾರಬೇಡಿ, ಕಾಲು ನೆಟ್ಟಗೆ ಊರಲೂ ಬೇಡಿ. ಚಾಪೆ ಹಾಸಿದ ಹಾಗೆ ಚಪ್ಪಟೆಯಾಗಿ ನೀರಿನ ಮೇಲೆ ಬೀಳಿ. ಮೇಲೆ ಬರುವಾಗ ಎರಡೂ ಕೈ ತಲೆ ಸುತ್ತ ಇರಲಿ, ನಿಮ್ಮ ಬೋರ್ಡೇ ಬಂದು ಬಡಿಯಬಹುದು. ಇಳಿತದ ಹೊತ್ತಲ್ಲಿ ಹವಳದ ಮೇಲೆ ಹೋಗಬೇಡಿ. ಅಲೆ ಮಗುಚುವ ಜಾಗಕ್ಕೆ ಯಾರು ಹತ್ತಿರ ಇದ್ದಾರೋ ಅಲೆ ಅವರದು. ಅವರ ಮುಂದೆ ಅಡ್ಡ ಹೋಗಬೇಡಿ. ಅಷ್ಟೇ.


ಅಲೆಮಾರಿಅಕ್ಕ (ಬೆಳಗಾವಿ)

ಯಾರೂ ಶ್ರೀಲಂಕಾ ಹೆಸರು ಎತ್ತಲಿಲ್ಲ. ಕಲಿಯುವವರಿಗೆ ವೆಲಿಗಾಮ ಕೊಲ್ಲಿ ಇದೆ, ಮರಳಿನ ತಳ, ಮೆತ್ತನೆ ಅಲೆ. ನವೆಂಬರ್‌ನಿಂದ ಏಪ್ರಿಲ್ ತನಕ ಚೆನ್ನಾಗಿರುತ್ತದೆ. ನಾನು 47ನೇ ವಯಸ್ಸಿನಲ್ಲಿ ಅಲ್ಲಿ ಮೊದಲ ಸಲ ಬೋರ್ಡ್ ಮೇಲೆ ಎದ್ದು ನಿಂತೆ. ಖರ್ಚು ಮಾಲ್ಡೀವ್ಸ್‌ಗಿಂತ ಬಹಳ ಕಮ್ಮಿ. ಮಲೆನಾಡಮಳೆ ತಮ್ಮಾ, ನಿನ್ನ ಹೆಂಡತಿಗೆ ಈಜು ಬಂದ ಮೇಲೆ ಅಲ್ಲಿಗೆ ಕರಕೊಂಡು ಹೋಗು.


ಮಲೆನಾಡಮಳೆ

ಎಲ್ಲರಿಗೂ ಧನ್ಯವಾದ. ಮೂರು ವಾರ ಆಯಿತು, ಏನಾಯಿತು ಅಂತ ಹೇಳಲೇಬೇಕು. ಇದನ್ನೆಲ್ಲ ಅವಳಿಗೂ ಓದಿಸಿದೆ. ಇಬ್ಬರೂ ಕೂತು ಜುಲೈ ಟಿಕೆಟ್ ಬೇಡ ಅಂತ ನಿರ್ಧಾರ ಮಾಡಿದೆವು. ಮದುವೆ ಆದ ಮೇಲೆ ಸಕಲೇಶಪುರ ಕಡೆ ನಾಲ್ಕು ದಿನ. ಅಕ್ಟೋಬರ್ ಕೊನೆಗೆ ಮೂಲ್ಕಿ. ಆಮೇಲೆ ವೆಲಿಗಾಮ. ಮಾಲ್ಡೀವ್ಸ್ ಅದರಾಚೆ.

ಅವಳು ಈಜು ಕ್ಲಾಸಿಗೆ ಸೇರಿದ್ದಾಳೆ. ನಿನ್ನೆ ಕೊಳದ ಈ ತುದಿಯಿಂದ ಆ ತುದಿಗೆ ನಿಲ್ಲದೆ ಹೋದಳಂತೆ. ಫೋನಿನಲ್ಲಿ ಉಸಿರು ಬಿಡದೆ ಹೇಳಿದಳು. ಮೂಲ್ಕಿ ಅಣ್ಣ, ಅಕ್ಟೋಬರ್ ಕೊನೆ ವಾರ ಅಂದರೆ ನೀರು ಇಳಿದಿರುತ್ತಾ? ಬೋರ್ಡ್ ಅಲ್ಲೇ ಸಿಗುತ್ತಲ್ಲ?


ಮೂಲ್ಕಿ ಕಡೆಯವ

ಇಳಿದಿರುತ್ತದೆ. ಬೋರ್ಡ್ ಇದೆ, ಇಬ್ಬರಿಗೂ ಸಾಫ್ಟ್‌ಟಾಪ್, 9 ಅಡಿಯದ್ದು. ಬೆಳಿಗ್ಗೆ ಆರಕ್ಕೆ ಗಾಳಿ ಏಳುವ ಮುಂಚೆ ನೀರಿಗೆ ಇಳಿಯಬೇಕು, ಹಾಗಾಗಿ ಹಿಂದಿನ ರಾತ್ರಿಯೇ ಬಂದುಬಿಡಿ.